ಓಡೋ ಧೂಮಕೇತುವನ್ನು ಸ್ಟ್ಯಾಕ್ ಮಾಡೋದು ಹೇಗೆ?

2023ರ ಫೆಬ್ರವರಿ 1ರಂದು ಝಡ್‌ಟಿಎಫ್ ಧೂಮಕೇತು ಭೂಮಿಯಿಂದ ಸುಮಾರು 4.2 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಹಸಿರು ತಲೆ, ಉದ್ದ ಬಾಲದ ಅದರ ಫೋಟೋಗಳನ್ನು ನೀವೂ ನೋಡಿರ್ತೀರಿ. ಆದರೆ ಅದೇ ವಾರ ಸಣ್ಣ ಟೆಲಿಸ್ಕೋಪಿಗೆ ಕಣ್ಣಿಟ್ಟ ಹೆಚ್ಚಿನವರಿಗೆ ಕಂಡದ್ದು ಬೂದು ಬಣ್ಣದ ಮಸುಕು ಉಂಡೆ ಮಾತ್ರ. ಹಾಗಾದ್ರೆ ಫೋಟೋ ಸುಳ್ಳಾ? ಅಲ್ಲ. ಆ ಹಸಿರು ನಿಜವಾದದ್ದೇ. ಎರಡು ಇಂಗಾಲದ ಪರಮಾಣು ಸೇರಿದ ಅಣುಗಳು ಬಿಸಿಲಿಗೆ ಹೊಳೆಯುವ ಬಣ್ಣ ಅದು. ಕಣ್ಣು ಬೆಳಕನ್ನು ಕೂಡಿಡಲ್ಲ, ಕ್ಯಾಮೆರಾ ಕೂಡಿಡುತ್ತೆ. ಕೂಡಿಡೋ ಕ್ರಮಕ್ಕೆ ಸ್ಟ್ಯಾಕಿಂಗ್ ಅಂತ ಹೆಸರು.

ನೂರು ಫ್ರೇಮ್ ಯಾಕೆ?

ಸಿಗ್ನಲ್ಸ್ ಕ್ಲಾಸಿನಲ್ಲಿ ಕಲಿತದ್ದೇ ಇಲ್ಲಿ ಕೆಲಸಕ್ಕೆ ಬರೋದು. ಫ್ರೇಮುಗಳನ್ನು ಕೂಡಿಸಿದರೆ ಸಿಗ್ನಲ್ ಫ್ರೇಮಿನ ಸಂಖ್ಯೆಯಷ್ಟು ಪಟ್ಟು ಬೆಳೆಯುತ್ತೆ, ನಾಯ್ಸ್ ಆ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ. ಅಂದ್ರೆ 100 ಫ್ರೇಮ್ ಸೇರಿಸಿದರೆ ಸಿಗ್ನಲ್-ನಾಯ್ಸ್ ಅನುಪಾತ 10 ಪಟ್ಟು ಸುಧಾರಿಸುತ್ತೆ. ಒಂದೇ ಫ್ರೇಮಿನಲ್ಲಿ ಕಾಣದ ಬಾಲ ಮೇಲೆದ್ದು ಬರೋದು ಹೀಗೆ.

ಆದರೆ ಇದಕ್ಕೆ ಒಂದು ಷರತ್ತು ಇದೆ: ಎಲ್ಲ ಫ್ರೇಮಿನಲ್ಲೂ ಅದೇ ವಸ್ತು, ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಇರಬೇಕು. ನೀಹಾರಿಕೆಗೆ ಈ ಷರತ್ತು ಸಲೀಸು. ಧೂಮಕೇತು ಇದನ್ನು ಮುರಿಯುತ್ತೆ. ಕಷ್ಟವೆಲ್ಲ ಅಲ್ಲಿಂದಲೇ ಶುರು.

ಎಷ್ಟು ವೇಗ? ಲೆಕ್ಕ ಹಾಕೋಣ

ಭೂಮಿಗೆ ಹತ್ತಿರವಿದ್ದಾಗ ಝಡ್‌ಟಿಎಫ್ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 6 ಡಿಗ್ರಿ ಸರಿಯುತ್ತಿತ್ತು. ಅಂದ್ರೆ ನಿಮಿಷಕ್ಕೆ 15 ಆರ್ಕ್‌ಸೆಕೆಂಡ್. ಭೂಮಿ ತಿರುಗುವುದರಿಂದ ಆಕಾಶ ಸರಿಯುವುದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್. ಟ್ರ್ಯಾಕಿಂಗ್ ಮೌಂಟ್ ಈ ಎರಡನೆಯದನ್ನು ಸರಿದೂಗಿಸುತ್ತೆ, ಮೊದಲನೆಯದು ಹಾಗೇ ಉಳಿಯುತ್ತೆ.

ಈಗ ನಿಮ್ಮ ಉಪಕರಣದ ಲೆಕ್ಕ. ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಅಂತ ತಿಳಿಯಲು: 206 × ಪಿಕ್ಸೆಲ್ ಗಾತ್ರ (ಮೈಕ್ರಾನ್) ÷ ಫೋಕಲ್ ಲೆಂತ್ (ಮಿಲಿಮೀಟರ್). 4.3 ಮೈಕ್ರಾನ್ ಪಿಕ್ಸೆಲ್ಲಿನ ಡಿಎಸ್‌ಎಲ್‌ಆರ್ ಅನ್ನು 750 ಮಿಲಿಮೀಟರ್ ಟೆಲಿಸ್ಕೋಪಿಗೆ ಹಾಕಿದರೆ ಪಿಕ್ಸೆಲ್ಲಿಗೆ ಸುಮಾರು 1.2 ಆರ್ಕ್‌ಸೆಕೆಂಡ್ ಬರುತ್ತೆ. ಧೂಮಕೇತು ಒಂದು ಪಿಕ್ಸೆಲ್ ದಾಟಲು ಸುಮಾರು 5 ಸೆಕೆಂಡ್ ಸಾಕು. ವಾತಾವರಣವೇ 2-3 ಆರ್ಕ್‌ಸೆಕೆಂಡ್ ಮಸುಕು ಮಾಡುವುದರಿಂದ 10 ಸೆಕೆಂಡಿನ ಎಕ್ಸ್‌ಪೋಷರ್ ಪರವಾಗಿಲ್ಲ. 1 ನಿಮಿಷ ಕೊಟ್ಟರೆ ತಲೆ 12 ಪಿಕ್ಸೆಲ್ ಎಳೆದುಹೋಗುತ್ತೆ. 1 ಗಂಟೆಯಲ್ಲಿ ಅದು ಸರಿಯೋದು 750 ಪಿಕ್ಸೆಲ್, ಹುಣ್ಣಿಮೆ ಚಂದ್ರನ ಅರ್ಧ ಅಗಲ!

ಎರಡು ಸಲ ಸ್ಟ್ಯಾಕ್

ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎರಡೂ ಉಚಿತ, ಎರಡರಲ್ಲೂ ಧೂಮಕೇತುವಿಗೆ ಬೇರೆ ವ್ಯವಸ್ಥೆ ಇದೆ. ಕ್ರಮ ಇಷ್ಟೇ:

1. ಡಾರ್ಕ್, ಫ್ಲ್ಯಾಟ್, ಬಯಾಸ್ ಫ್ರೇಮುಗಳಿಂದ ಎಲ್ಲವನ್ನೂ ಕ್ಯಾಲಿಬ್ರೇಟ್ ಮಾಡಿ. ಫ್ಲ್ಯಾಟ್ ಬಿಡಲೇಬೇಡಿ. ಅಂಚು ಕಪ್ಪಾಗಿ ಮಧ್ಯ ಬೆಳ್ಳಗಿರೋ ಲೆನ್ಸಿನ ದೋಷ ಧೂಮಕೇತುವಿನ ತಲೆಯ ಥರಾನೇ ಕಾಣುತ್ತೆ.

2. ನಕ್ಷತ್ರಗಳನ್ನು ಹೊಂದಿಸಿ ಒಂದು ಸ್ಟ್ಯಾಕ್ ಮಾಡಿ. ಇದರಲ್ಲಿ ನಕ್ಷತ್ರ ಚುಕ್ಕಿಯಾಗಿರುತ್ತೆ, ಧೂಮಕೇತು ಗೀಟಾಗಿರುತ್ತೆ.

3. ಮೊದಲ ಮತ್ತು ಕೊನೆಯ ಫ್ರೇಮಿನಲ್ಲಿ ಧೂಮಕೇತುವಿನ ತಲೆ ಗುರುತಿಸಿ. ಸಿರಿಲ್ ಆದರೆ ಫ್ರೇಮಿನ ಸಮಯ ನೋಡಿ ನಡುವಿನ ಜಾಗಗಳನ್ನು ತಾನೇ ಲೆಕ್ಕ ಹಾಕುತ್ತೆ. ಈಗ ಧೂಮಕೇತು ನಿಂತಿದೆ, ನಕ್ಷತ್ರಗಳು ಓಡ್ತಿವೆ.

4. ಈ ಸ್ಟ್ಯಾಕಿಗೆ ಸಿಗ್ಮಾ ಕ್ಲಿಪ್ಪಿಂಗ್ ಬಳಸಿ. ಒಂದು ಪಿಕ್ಸೆಲ್ಲಿನ 100 ಬೆಲೆಗಳಲ್ಲಿ ನಕ್ಷತ್ರ ಹಾದುಹೋಗುವುದು ಮೂರ್ನಾಲ್ಕು ಫ್ರೇಮಿನಲ್ಲಿ ಮಾತ್ರ. ಗುಂಪಿಗೆ ಸೇರದ ಆ ಬೆಲೆಗಳನ್ನು ಬಿಸಾಕಿದರೆ ನಕ್ಷತ್ರ ಮಾಯ. ನಿಧಾನ ಧೂಮಕೇತುವಾದರೆ ನಕ್ಷತ್ರ ಹೆಚ್ಚು ಫ್ರೇಮಿನಲ್ಲಿ ಅದೇ ಪಿಕ್ಸೆಲ್ಲಿನ ಮೇಲೆ ಕೂತಿರುತ್ತೆ, ಪೂರ್ತಿ ಅಳಿಯಲ್ಲ. ಆಗ ಫ್ರೇಮುಗಳನ್ನು ಹೆಚ್ಚು ಹೊತ್ತಿಗೆ ಹರಡಿ ತೆಗೀಬೇಕು.

5. ನಕ್ಷತ್ರದ ಚಿತ್ರ, ಧೂಮಕೇತುವಿನ ಚಿತ್ರ ಎರಡನ್ನೂ ಒಂದರ ಮೇಲೊಂದು ಸೇರಿಸಿ.

ಬಾಲವನ್ನು ನಾವೇ ಅಳಿಸಿಬಿಡ್ತೀವಿ

ಊರ ಬೆಳಕಿನ ಕಲೆ ತೆಗೆಯಲು ಹಿನ್ನೆಲೆ ಸರಿಪಡಿಸೋ ಟೂಲ್ ಒತ್ತುತ್ತೇವೆ. ನಿಧಾನವಾಗಿ ಮಾಸುವ ಬೆಳಕನ್ನೆಲ್ಲ ಅದು ಕಸ ಅಂದುಕೊಳ್ಳುತ್ತೆ. ಧೂಮಕೇತುವಿನ ಬಾಲ ಇರುವುದೂ ಹಾಗೇ! ಆದ್ದರಿಂದ ಹಿನ್ನೆಲೆಯ ಸ್ಯಾಂಪಲ್ ಚುಕ್ಕಿಗಳನ್ನು ಬಾಲದಿಂದ ದೂರ, ಕೈಯಾರೆ ಇಡಿ.

ಇನ್ನೊಂದು ವಿಷಯ. ಧೂಳಿನ ಬಾಲ ನಿಧಾನವಾಗಿ ಬದಲಾಗುತ್ತೆ. ಅಯಾನು ಬಾಲ ಹಾಗಲ್ಲ, ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದ ಸೌರಮಾರುತ ಅದನ್ನು ತಿರುಚುತ್ತೆ, ಕೆಲವೊಮ್ಮೆ ಕಿತ್ತೇ ಹಾಕುತ್ತೆ. 2 ಗಂಟೆಯ ಫ್ರೇಮುಗಳ ಸರಾಸರಿ ತೆಗೆದರೆ ಆ ಗಂಟು, ತಿರುವುಗಳು ಮಸುಕಾಗುತ್ತವೆ. 20 ನಿಮಿಷಕ್ಕೊಂದು ಸ್ಟ್ಯಾಕ್ ಮಾಡಿ ಸಾಲಾಗಿ ಓಡಿಸಿದರೆ ಬದಲಾವಣೆ ಕಣ್ಣೆದುರೇ ಕಾಣಬಹುದು. ನಾಯ್ಸ್ ಸ್ವಲ್ಪ ಜಾಸ್ತಿ ಇರುತ್ತೆ, ಇರಲಿ.

ಮೂಲ ಫ್ರೇಮ್ ಅಳಿಸಬೇಡಿ

1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ವೈನು ಬಾಪ್ಪು ಒಂದು ಫೋಟೋ ಪ್ಲೇಟಿನಲ್ಲಿ ಹೊಸ ಧೂಮಕೇತು ಗುರುತಿಸಿದರು. ಅದರ ಹೆಸರು ಬಾಪ್ಪು-ಬೋಕ್-ನ್ಯೂಕರ್ಕ್. ಮುಂದೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಮೊದಲ ನಿರ್ದೇಶಕರಾದವರು ಅವರೇ. ಅಂಥ ಅಪರಿಚಿತ ಚುಕ್ಕಿ ಇವತ್ತು ನಿಮ್ಮ ಫ್ರೇಮುಗಳಲ್ಲಿ ಸರಿಯುತ್ತಾ ಹೋದರೆ ಏನಾಗುತ್ತೆ? ನಕ್ಷತ್ರ ಹೊಂದಿಸಿದ ಸ್ಟ್ಯಾಕಿನಲ್ಲಿ ಸಿಗ್ಮಾ ಕ್ಲಿಪ್ಪಿಂಗ್ ಮೊದಲು ಬಿಸಾಕೋದು ಅದನ್ನೇ. ಗುಂಪಿಗೆ ಸೇರದ್ದೆಲ್ಲ ನಾಯ್ಸ್ ಅಂತ ಸಾಫ್ಟ್‌ವೇರಿಗೆ ಹೇಳಿದ್ದು ನಾವೇ ಅಲ್ವಾ?

ಸ್ಟ್ಯಾಕಿಂಗ್ ಅಂದ್ರೆ ಯಾವುದು ಸ್ಥಿರ, ಯಾವುದು ಕಸ ಅಂತ ನಾವು ಮಾಡೋ ತೀರ್ಮಾನ. ತೀರ್ಮಾನ ಬದಲಿಸಬೇಕಾಗಿ ಬಂದರೆ ಮೂಲ ಫ್ರೇಮ್ ಬೇಕೇ ಬೇಕು. ಎರಡು ಸ್ಟ್ಯಾಕ್ ಸೇರಿಸಿದ ಚಿತ್ರ ಯಾವುದೇ ಒಂದು ಕ್ಷಣದ ಆಕಾಶವೂ ಅಲ್ಲ. ಅದನ್ನು ಮುಚ್ಚಿಡಬೇಕಿಲ್ಲ. ಫೋಟೋ ಕೆಳಗೆ ದಿನಾಂಕ, ಸಮಯ, ಎಕ್ಸ್‌ಪೋಷರ್, ಫ್ರೇಮುಗಳ ಸಂಖ್ಯೆ, ಎರಡು ಸ್ಟ್ಯಾಕ್ ಸೇರಿಸಿದ್ದು ಎಂಬುದನ್ನು ಬರೆದರೆ ಆಯಿತು.

ಅಭ್ಯಾಸಕ್ಕೆ ಧೂಮಕೇತು ಬರೋವರೆಗೆ ಕಾಯಬೇಡಿ. ವೆಸ್ಟಾ, ಸೀರಿಸ್ ಕೂಡ ನಕ್ಷತ್ರಗಳ ನಡುವೆ ಸರಿಯುತ್ತವೆ. ಒಂದು ರಾತ್ರಿ ಅವುಗಳ ಮೇಲೆ ಇದೇ ಎರಡು ಸ್ಟ್ಯಾಕ್ ಮಾಡಿ ನೋಡಿ. ಝಡ್‌ಟಿಎಫ್ ಹಿಂದಿನ ಸಲ ಇತ್ತ ಬಂದದ್ದು ಸುಮಾರು 50,000 ವರ್ಷಗಳ ಹಿಂದೆ ಅಂತ ಅಂದಾಜು. ಅಂಥ ಅತಿಥಿ ಬಂದ ರಾತ್ರಿ ಸಾಫ್ಟ್‌ವೇರ್ ಕಲಿಯುತ್ತಾ ಕೂರೋಕೆ ಆಗಲ್ಲ.