ಟ್ರೇ ಅಂಚಿಗೆ ಬೀದರ್ ಹೂಬಳ್ಳಿ

ಬೀದರ್‌ನ ಮಹಮೂದ್ ಗಾವಾನ್ ಮದರಸಾ 1472ರದ್ದು. ಅದರ ಮುಂಗೋಡೆ ಮತ್ತು ಉಳಿದಿರುವ ಒಂದೇ ಮಿನಾರಿನ ಮೇಲಿನ ಹೊಳಪಿನ ಟೈಲ್‌ಗಳಲ್ಲಿ ನೀಲಿ, ಹಸಿರು, ಹಳದಿ, ಬಿಳಿ ಬಣ್ಣಗಳು ಇಂದಿಗೂ ಕಾಣುತ್ತವೆ. ಬೀದರ್‌ನದೇ ಲೋಹಕಲೆಯಾದ ಬಿದ್ರಿ ಕುಸುರಿಯಲ್ಲಿ ಹೂಗಳನ್ನು ಮೇಲ್ಮೈಗಿಂತ ಉಬ್ಬಿಸಿ ಕೂರಿಸುವ ಕ್ರಮವೂ ಉಂಟು. ಅದಕ್ಕೆ ‘ಜರ್‌ಬುಲಂದ್’ ಎಂದು ಹೆಸರು. ಬಣ್ಣ ಮದರಸಾದ್ದು, ಉಬ್ಬು ಬಿದ್ರಿಯದ್ದು ಎಂದುಕೊಂಡರೆ ಸಾದಾ ಬಿಳಿ ಸೆರಾಮಿಕ್ ಟ್ರೇಗೆ ಒಳ್ಳೆಯ ವಿನ್ಯಾಸ ಸಿಗುತ್ತದೆ. ಭಟ್ಟಿ ಬೇಕಿಲ್ಲ. ಭಾಲ್ಕಿ, ಔರಾದ್ ಕಡೆಯವರು ಬೀದರ್‌ಗೆ ಬಂದಾಗ ಮದರಸಾದ ಮುಂದೆ ನಿಂತು ನಾಲ್ಕು ಫೋಟೊ ತೆಗೆದುಕೊಂಡು ಹೋದರೆ ಸಾಕು.

ಬೇಕಾಗುವ ಸಾಮಗ್ರಿ

ಅಗಲ ಅಂಚಿನ ಸೆರಾಮಿಕ್ ಟ್ರೇ, ಎಪಾಕ್ಸಿ ಕ್ಲೇ (ಸ್ಟೇಷನರಿ ಅಂಗಡಿಯಲ್ಲಿ ಶಿಲ್ಪಕಾರ್ ಅಥವಾ ಮೌಲ್ಡ್ ಇಟ್ ಎಂದು ಕೇಳಿ), ಉಪ್ಪುಕಾಗದ, ಸ್ಪಿರಿಟ್, ಕಾರ್ಬನ್ ಹಾಳೆ, ಅಕ್ರಿಲಿಕ್ ಬಣ್ಣ, ಟೂತ್‌ಪಿಕ್, ಕುಂಚ, ಕೈಗವಸು, ಪಾರದರ್ಶಕ ರೆಸಿನ್. ರೆಸಿನ್ ಸಿಗದಿದ್ದರೆ ಗ್ಲಾಸಿ ವಾರ್ನಿಷ್ ಆದೀತು.

ಮಾಡುವ ವಿಧಾನ

1. ನಡುಭಾಗ ಸಪಾಟಾಗಿಯೇ ಇರಲಿ; ಉಬ್ಬಿದ ಹೂವಿನ ಮೇಲೆ ಕಪ್ ನೆಟ್ಟಗೆ ನಿಲ್ಲುವುದಿಲ್ಲ. ಬಳ್ಳಿ ಅಂಚಿಗೆ ಮಾತ್ರ ಬರಲಿ.

2. ಚಿತ್ರ ಬರುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಸ್ಪಿರಿಟ್‌ನಲ್ಲಿ ಒರೆಸಿ. ನುಣುಪು ಹೋಗದಿದ್ದರೆ ಕ್ಲೇ ಒಣಗಿದ ಮೇಲೆ ಕಿತ್ತು ಬರುತ್ತದೆ. ಆಮೇಲೆ ಬಳ್ಳಿಯನ್ನು ಕಾರ್ಬನ್ ಹಾಳೆಯಿಂದ ಇಳಿಸಿಕೊಳ್ಳಿ.

3. ಕ್ಲೇಯ ಎರಡು ಭಾಗಗಳನ್ನು ಸಮಪ್ರಮಾಣದಲ್ಲಿ ತೆಗೆದುಕೊಂಡು ಒಂದೇ ಬಣ್ಣ ಬರುವವರೆಗೆ ನಾದಿ. ಬೇಸಿಗೆಯ ಬಿಸಿಲಿಗೆ ಬೇಗ ಬಿಗಿಯುತ್ತದೆ. ಒಂದೆರಡು ಹೂವಿಗೆ ಆಗುವಷ್ಟೇ ಕಲಸಿ.

4. ಕಡಲೆಕಾಳಿನಷ್ಟು ಉಂಡೆಯನ್ನು ಹನಿಯ ಆಕಾರಕ್ಕೆ ತಿದ್ದಿ, ಚೂಪು ತುದಿ ಹೂವಿನ ನಡುವಿಗೆ ಬರುವಂತೆ ಅಂಟಿಸಿ. ನಡುವೆ ಟೂತ್‌ಪಿಕ್ ಒತ್ತಿ ಒಂದು ಗೀರು ಹಾಕಿದರೆ ದಳ ಎರಡೂ ಕಡೆ ತಾನೇ ಉಬ್ಬುತ್ತದೆ. ಎತ್ತರ 3–4 ಮಿ.ಮೀ. ದಾಟದಿರಲಿ. ಬಳ್ಳಿಗೆ ತೆಳು ಎಳೆ ಹೊಸೆದು ಕೂರಿಸಿ, ಒದ್ದೆ ಬೆರಳಿನಿಂದ ಅಂಚು ಸವರಿ.

5. ಒಂದು ದಿನ ಒಣಗಲು ಬಿಟ್ಟು ಮೊದಲು ಬಿಳಿ ಬಣ್ಣ ಬಳಿಯಿರಿ. ಆಮೇಲೆ ದಳಕ್ಕೆ ನೀಲಿ, ಎಲೆಗೆ ಹಸಿರು, ನಡುಬೊಟ್ಟಿಗೆ ಹಳದಿ. ಗೀರಿನೊಳಗೆ ಕಡುನೀಲಿ ಇಳಿಸಿದರೆ ಉಬ್ಬು ಎದ್ದು ಕಾಣುತ್ತದೆ.

6. ಬಣ್ಣ ಪೂರ್ತಿ ಒಣಗಿದ ಮೇಲೆ ರೆಸಿನ್ ಮತ್ತು ಹಾರ್ಡನರ್ ಅನ್ನು ಬಾಟಲಿಯ ಮೇಲಿನ ಅಳತೆಯಂತೆ ಬೆರೆಸಿ. ಸುರಿಯಬೇಡಿ, ಸುರಿದರೆ ದಳದಿಂದ ಜಾರಿ ಬುಡದಲ್ಲಿ ಮಡುಗಟ್ಟುತ್ತದೆ. ಕುಂಚದಿಂದ ತೆಳುವಾಗಿ ಎರಡು ಪದರ ಹಚ್ಚಿ. ಧೂಳು ಕೂರದಂತೆ ಡಬ್ಬ ಬೋರಲು ಹಾಕಿ. ಮಳೆಗಾಲದ ತೇವಕ್ಕೆ ಹೊಳಪು ಮಂಕಾಗಬಹುದು, ಒಣ ದಿನ ನೋಡಿ ಮಾಡಿ.

ಗಮನಿಸಿ

ರೆಸಿನ್ ಬಳಸುವಾಗ ಕಿಟಕಿ ತೆರೆದಿರಲಿ, ಕೈಗವಸು ಇರಲಿ, ಮಕ್ಕಳು ದೂರವಿರಲಿ. ಭಟ್ಟಿಯಲ್ಲಿ ಸುಟ್ಟ ಗ್ಲೇಜ್‌ನಂತೆ ಇದು ಶಾಖ ತಡೆಯದು. ಮೈಕ್ರೋವೇವ್‌ಗೆ ಇಡಬೇಡಿ, ತಿಂಡಿಯನ್ನು ನೇರವಾಗಿ ಹಾಕಬೇಡಿ, ನೀರಲ್ಲಿ ನೆನೆಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.