ಕಾರ್ಡ್ ಇದ್ದರೂ ಬಿಲ್ ಬರುವುದೇಕೆ?

ಆಸ್ಪತ್ರೆಯ ಗೋಡೆಯ ಮೇಲೆ ಆಯುಷ್ಮಾನ್ ಯೋಜನೆಯ ಬೋರ್ಡ್ ಇರುತ್ತದೆ, ಕೈಯಲ್ಲಿ ಕಾರ್ಡ್ ಇರುತ್ತದೆ. ಆದರೂ ಒಡವೆ ಅಡವಿಟ್ಟು ಬಿಲ್ ಕಟ್ಟಿದ ಮೇಲೆಯೇ ಬಹಳ ಜನ ವಕೀಲರನ್ನು ಹುಡುಕುತ್ತಾರೆ. ಕಾರ್ಡ್ ಹೇಳುವುದು ನಿಮ್ಮ ಅರ್ಹತೆಯನ್ನಷ್ಟೇ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ) ಶೇ 30ರಷ್ಟು, ಅದೂ 1.5 ಲಕ್ಷದ ಮಿತಿಯೊಳಗೆ. ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದು ಆಸ್ಪತ್ರೆಯು ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಜತೆ ಮಾಡಿಕೊಂಡ ಒಪ್ಪಂದದ ಮೇಲೆ ನಿಂತಿದೆ. ಈ ನೋಂದಣಿ ವಿಭಾಗವಾರು ಇರುತ್ತದೆ. ಹೃದಯಕ್ಕೆ ನೋಂದಾಯಿತವಾದ ಆಸ್ಪತ್ರೆ ಮೂಳೆಗೆ ಆಗಿರಲೇಬೇಕೆಂದಿಲ್ಲ. ಒಬ್ಬರೇ ವೈದ್ಯರು ಬೆಳಿಗ್ಗೆ ನೋಂದಾಯಿತ ಆಸ್ಪತ್ರೆಯಲ್ಲಿ, ಸಂಜೆ ಸ್ವಂತ ನರ್ಸಿಂಗ್ ಹೋಮ್‌ನಲ್ಲಿ ನೋಡುತ್ತಾರೆ. 'ಅಲ್ಲಿಗೇ ಬನ್ನಿ, ಬೇಗ ಆಗುತ್ತದೆ' ಎಂಬ ಮಾತಿಗೆ ಒಪ್ಪಿ ಹೋದರೆ, ವೈದ್ಯರು ಅವರೇ ಆದರೂ ಯೋಜನೆ ನಿಮ್ಮ ಹಿಂದೆ ಬರುವುದಿಲ್ಲ.

ಹಾಗಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಪಡೆಯಿರಿ. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವ ಕಾಯಿಲೆಗೆ ಅದು ಬೇಡ, ನೇರವಾಗಿ ದಾಖಲಾಗಬಹುದು. ಆಸ್ಪತ್ರೆಯವರು 'ತುರ್ತು ಅಲ್ಲ' ಎಂದರೆ ಯಾವ ಕಾರಣಕ್ಕೆಂದು ಬರವಣಿಗೆಯಲ್ಲಿ ಕೇಳಿ. ಆಮೇಲೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಬಳಿ ಹೆಸರು ಬರೆಸಿ. ಅವರ ಕುರ್ಚಿ ಖಾಲಿ ಇದ್ದರೆ ಅಲ್ಲಿಂದಲೇ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. 'ನಾಳೆ ನೋಡೋಣ' ಎಂಬ ಮಾತನ್ನು ನಂಬಬೇಡಿ. ಹೆಚ್ಚು ಜನ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ದಾಖಲಾತಿಯ ಕಾಗದಗಳ ನಡುವೆ 'ಯೋಜನೆ ಬೇಡ, ಸ್ವಂತ ಖರ್ಚಿನಲ್ಲಿ ಚಿಕಿತ್ಸೆ ಪಡೆಯುತ್ತೇನೆ' ಎಂಬ ಹಾಳೆ ಇರಬಹುದು. ಅದಕ್ಕೆ ಸಹಿ ಬಿದ್ದರೆ ನಿಮ್ಮ ಹಕ್ಕನ್ನು ನೀವೇ ಬಿಟ್ಟುಕೊಟ್ಟಿರಿ ಎಂದು ಆಸ್ಪತ್ರೆ ವಾದಿಸುತ್ತದೆ. ಇದು ನಗದುರಹಿತ ಯೋಜನೆ. ಮೊದಲು ಕಟ್ಟಿ, ಆಮೇಲೆ ಸರ್ಕಾರದಿಂದ ವಾಪಸು ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿ ಸುಳ್ಳು ಹೇಳುತ್ತಿದ್ದಾನೆ.

ಪ್ಯಾಕೇಜ್ ದರ ತೀರಾ ಕಡಿಮೆ, ಬಿಲ್ ಪಾವತಿಯೂ ತಡ, ಆಸ್ಪತ್ರೆ ನಡೆಸುವುದು ಹೇಗೆ ಎಂದು ವೈದ್ಯರು ಕೇಳುತ್ತಾರೆ. ಈ ದೂರಿನಲ್ಲಿ ಹುರುಳಿದೆ. ಪಾವತಿ ತಡಮಾಡುವ ಅಧಿಕಾರಿಗಳೇ ಒಳ್ಳೆಯ ಆಸ್ಪತ್ರೆಗಳನ್ನು ಯೋಜನೆಯಿಂದ ಹೊರದಬ್ಬುತ್ತಿದ್ದಾರೆ, ಅದರ ಪೆಟ್ಟು ಬಡವರಿಗೆ. ಆದರೆ ಆ ಜಗಳ ಟ್ರಸ್ಟ್ ಮತ್ತು ಆಸ್ಪತ್ರೆಯ ನಡುವಿನದು. ದರ ಒಪ್ಪದಿದ್ದರೆ ಒಪ್ಪಂದದಿಂದ ಹೊರಬರಬಹುದು. ಒಳಗಿದ್ದುಕೊಂಡು ಬಿಪಿಎಲ್ ರೋಗಿಯಿಂದ 'ವ್ಯತ್ಯಾಸದ ಹಣ' ಕೇಳುವಂತಿಲ್ಲ. ಹಾಸಿಗೆ, ವೈದ್ಯರ ಶುಲ್ಕ, ಪರೀಕ್ಷೆ, ಔಷಧ, ಇಂಪ್ಲಾಂಟ್ ಎಲ್ಲವೂ ಪ್ಯಾಕೇಜಿನೊಳಗೇ ಬರುತ್ತವೆ. 'ಯೋಜನೆಯ ಸ್ಟೆಂಟ್ ಚೆನ್ನಾಗಿರಲ್ಲ' ಎಂದು ಹೆದರಿಸಿದರೆ ಆ ಮಾತನ್ನು ಚೀಟಿಯಲ್ಲಿ ಬರೆದು ಸಹಿ ಮಾಡಿಕೊಡಲು ಹೇಳಿ. ಕಟ್ಟಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ದೂರನ್ನು ಆಯುಷ್ಮಾನ್ ಸಹಾಯವಾಣಿ 14555ಕ್ಕೂ ಟ್ರಸ್ಟ್‌ಗೂ ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ವಾಪಸಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹಣ ಪಡೆದು ನೀಡುವ ಚಿಕಿತ್ಸೆ, ಆ ಹಣವನ್ನು ವಿಮೆಯೇ ಕಟ್ಟಿದರೂ, ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ಗಡುವು ಎರಡು ವರ್ಷ. ಡಿಸ್ಚಾರ್ಜ್ ಸಾರಾಂಶ, ರಸೀದಿ, ರೆಫರಲ್ ಪತ್ರಗಳ ಪ್ರತಿಯನ್ನು ಮಾತ್ರ ಕೊಡಿ. ಮೂಲ ನಿಮ್ಮಲ್ಲೇ ಇರಲಿ.