ಹಾಡುವುದು ತಂತಿಯೋ, ಹಲಗೆಯೋ?

ಮಕ್ಕಳೇ, ಒಂದು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆದು ಹಿಡಿದು ಮೀಟಿ. ಕಿವಿಯ ಹತ್ತಿರ ತಂದರೆ ಮಾತ್ರ ಸದ್ದು ಕೇಳಿಸುತ್ತದೆ, ಅಲ್ಲವೇ? ಈಗ ಅದೇ ರಬ್ಬರ್ ಬ್ಯಾಂಡನ್ನು ಒಂದು ಖಾಲಿ ರಟ್ಟಿನ ಡಬ್ಬಿಯ ಸುತ್ತ ಹಾಕಿ. ಡಬ್ಬಿಗೂ ರಬ್ಬರಿಗೂ ನಡುವೆ ಒಂದು ಪೆನ್ಸಿಲ್ ಸಿಕ್ಕಿಸಿ ಮೀಟಿ. ಈ ಬಾರಿ ಪಕ್ಕದ ಬೆಂಚಿನವರೆಗೂ ಸದ್ದು ಹೋಗುತ್ತದೆ!

ರಬ್ಬರ್ ಅದೇ, ಬೆರಳೂ ಅದೇ. ಬದಲಾದದ್ದು ಏನು?

ಸೆಕೆಗಾಲದಲ್ಲಿ ಒಂದು ಕಡ್ಡಿಯಿಂದ ಗಾಳಿ ಬೀಸಿಕೊಳ್ಳಲು ಆಗುತ್ತದೆಯೇ? ಇಲ್ಲ. ಮೊರದಿಂದ ಬೀಸಿದರೆ ತಂಪಾಗುತ್ತದೆ. ತೆಳುವಾದ ತಂತಿ ಕಂಪಿಸಿದಾಗ ಕಡ್ಡಿಯಂತೆ ತುಂಬಾ ಕಡಿಮೆ ಗಾಳಿಯನ್ನು ತಳ್ಳುತ್ತದೆ. ಆ ಕಂಪನ ಅಗಲವಾದ ಹಲಗೆಗೆ ದಾಟಿದರೆ, ಹಲಗೆ ಮೊರದಂತೆ ಹೆಚ್ಚು ಗಾಳಿಯನ್ನು ತಳ್ಳುತ್ತದೆ. ವೀಣೆ, ತಂಬೂರಿ, ಗಿಟಾರ್ ಎಲ್ಲವೂ ಕೆಲಸ ಮಾಡುವುದು ಹೀಗೆ.

ಈಗ ಕೈಯಿಂದ ತಯಾರಾಗುವ ಒಂದು ಗಿಟಾರಿನ ಬೆನ್ನು ಹತ್ತೋಣ. ಸಣ್ಣ ಕೈಯ ಒಬ್ಬ ಹಾಡುಗಾರ್ತಿ ಗಿಟಾರ್ ಕಟ್ಟುವವರ ಬಳಿ ಬಂದು, ‘ನನ್ನ ಕೈಗೆ ಹೊಂದುವ ಗಿಟಾರ್ ಬೇಕು. ಬೆನ್ನು ಬೀಟೆ ಮರದ್ದೇ ಆಗಬೇಕು’ ಎಂದರು ಎಂದುಕೊಳ್ಳೋಣ. ಕಟ್ಟುವವರು ಮೊದಲು ಏನು ಮಾಡುತ್ತಾರೆ?

ಮುಖದ ಹಲಗೆ

ಅವರು ಮೊದಲು ಆರಿಸುವುದು ತಂತಿಯ ಕೆಳಗೆ ಬರುವ ಮುಖದ ಹಲಗೆಯನ್ನು. ಇದಕ್ಕೆ ಹೆಚ್ಚಾಗಿ ಬಳಸುವುದು ಸ್ಪ್ರೂಸ್ ಎಂಬ ಮರ. ಇದು ಪೈನ್ ಮತ್ತು ದೇವದಾರುಗಳ ಬಂಧು. ಸಿಟ್ಕಾ ಸ್ಪ್ರೂಸ್ ಎಂಬ ಜಾತಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಯುತ್ತದೆ.

ಸ್ಪ್ರೂಸ್ ಏಕೆ? ಅದು ಹಗುರ, ಆದರೆ ಸುಲಭವಾಗಿ ಬಾಗುವುದಿಲ್ಲ. ಒಂದು ಲೀಟರ್ ಗಾತ್ರದ ಸ್ಪ್ರೂಸ್ ತುಂಡು ಸುಮಾರು 400 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಬೀಟೆ ಸುಮಾರು 800 ಗ್ರಾಂ ತೂಗುತ್ತದೆ. ಹಗುರವಾದ್ದರಿಂದ ತಂತಿಯ ಸಣ್ಣ ಬಲವೂ ಸ್ಪ್ರೂಸನ್ನು ಅಲುಗಾಡಿಸಬಲ್ಲದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸ್ಪ್ರೂಸ್ ಮರದ ಎಳೆಗಳ ಉದ್ದಕ್ಕೂ ಅದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ! ಹಗುರವೂ ಗಟ್ಟಿಯೂ ಆದ್ದರಿಂದಲೇ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಚೌಕಟ್ಟಿಗೂ ಸ್ಪ್ರೂಸ್ ಬಳಸಿದ್ದರು.

ಒಂದೇ ತುಂಡನ್ನು ಮಧ್ಯಕ್ಕೆ ಸೀಳಿ, ಪುಸ್ತಕ ತೆರೆದಂತೆ ಬಿಡಿಸಿ, ಎರಡು ಅಂಚುಗಳನ್ನು ಅಂಟಿಸುತ್ತಾರೆ. ಆಗ ಎಡಭಾಗ ಮತ್ತು ಬಲಭಾಗದ ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಹೊಂದಿಕೊಳ್ಳುತ್ತವೆ.

ತೆಗೆದದ್ದನ್ನು ಮರಳಿ ಸೇರಿಸಲಾಗದು

ಈಗ ಬಹಳ ಎಚ್ಚರದ ಕೆಲಸ. ಹಲಗೆಯನ್ನು ಉಜ್ಜಿ ಉಜ್ಜಿ ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ತರುತ್ತಾರೆ. ದಪ್ಪ ಹೆಚ್ಚಿದ್ದರೆ ಹಲಗೆ ಸರಿಯಾಗಿ ಕಂಪಿಸದೆ ಗಿಟಾರ್ ಮೂಕವಾಗುತ್ತದೆ. ತೀರಾ ತೆಳುವಾದರೆ ತಂತಿಗಳ ಎಳೆತಕ್ಕೆ ಬಾಗಿ ಹಾಳಾಗುತ್ತದೆ.

ಇಲ್ಲಿ ಒಂದು ಲೆಕ್ಕವಿದೆ. ಹಲಗೆ ಬಾಗುವುದನ್ನು ತಡೆಯುವ ಶಕ್ತಿ ಅದರ ದಪ್ಪದ ಘನವನ್ನು ಅವಲಂಬಿಸಿದೆ. 3 ಮಿ.ಮೀ. ದಪ್ಪಕ್ಕೆ 3 × 3 × 3 = 27. ಅದನ್ನು 2.7 ಮಿ.ಮೀ.ಗೆ ಇಳಿಸಿದರೆ 2.7 × 2.7 × 2.7 = ಸುಮಾರು 19.7. ದಪ್ಪ ಕಡಿಮೆಯಾದದ್ದು ಹತ್ತರಲ್ಲಿ ಒಂದು ಪಾಲು. ಶಕ್ತಿ ಕಡಿಮೆಯಾದದ್ದು ಕಾಲು ಭಾಗಕ್ಕಿಂತ ಹೆಚ್ಚು! ಉಜ್ಜುವ ಕಾಗದವನ್ನು ನಾಲ್ಕು ಸಲ ಹೆಚ್ಚಿಗೆ ಎಳೆದರೂ ವ್ಯತ್ಯಾಸವಾಗುತ್ತದೆ. ತೆಗೆದ ಮರವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಹಾಗಾದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ? ಗಿಟಾರ್ ಕಟ್ಟುವವರೂ ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ ಹಿಡಿದು ತಟ್ಟುತ್ತಾರೆ. ದಪ್ಪ ಇಳಿದಂತೆ ನಾದದ ಸ್ಥಾಯಿಯೂ ಇಳಿಯುತ್ತದೆ. ಕೈಯಲ್ಲಿ ಬಗ್ಗಿಸಿಯೂ ನೋಡುತ್ತಾರೆ. ಮರದಿಂದ ಮರಕ್ಕೆ ಗುಣ ಬೇರೆ. ಆದ್ದರಿಂದ ಅಳತೆಪಟ್ಟಿಯ ಜೊತೆಗೆ ಕಿವಿಯೂ ಬೇಕು.

ಹಲಗೆಯ ಒಳಮೈಗೆ ತೆಳ್ಳನೆಯ ಆಧಾರಪಟ್ಟಿಗಳನ್ನು ಅಂಟಿಸುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಎರಡು ಮುಖ್ಯ ಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುತ್ತವೆ. ಇವು ಹಲಗೆಯ ತೂಕವನ್ನು ಹೆಚ್ಚು ಏರಿಸದೆ ಬಲ ಕೊಡುತ್ತವೆ.

ಬಗ್ಗುವ ಬೀಟೆ

ಪಕ್ಕಗಳಿಗೆ ಸುಮಾರು 2 ಮಿ.ಮೀ. ದಪ್ಪದ ಬೀಟೆ ಪಟ್ಟಿಗಳು ಬೇಕು. ಒಣಗಿದ ಪಟ್ಟಿಯನ್ನು ಹಾಗೆಯೇ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಅದನ್ನು ಒದ್ದೆ ಮಾಡಿ ಕಾದ ಕೊಳವೆಯ ಮೇಲೆ ಒತ್ತಿದರೆ ನಿಧಾನವಾಗಿ ಬಾಗುತ್ತದೆ. ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಬಿಸಿ ಮತ್ತು ತೇವಕ್ಕೆ ಮೆದುವಾಗುತ್ತದೆ, ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಬೆತ್ತವನ್ನು ಕಾಯಿಸಿ ಬಗ್ಗಿಸುವುದನ್ನು ನೀವು ನೋಡಿರಬಹುದು. ಅಲ್ಲಿಯೂ ಇದೇ ವಿಜ್ಞಾನ.

ಆಮೇಲೆ ಮುಖ, ಪಕ್ಕ, ಬೆನ್ನು ಸೇರಿಸಿ ಪೆಟ್ಟಿಗೆ ಮಾಡುತ್ತಾರೆ. ಮಳೆಗಾಲದಲ್ಲಿ ಮನೆಯ ಮರದ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸರಾಗವಾಗುತ್ತದೆ. ಗಿಟಾರಿನ ಹಲಗೆಯೂ ಹಾಗೆಯೇ. ತೇವದ ದಿನ ಅಂಟಿಸಿದ ಹಲಗೆ ಒಣ ಹವೆಯಲ್ಲಿ ಕುಗ್ಗಿ ಸೀಳಬಹುದು. ಅದಕ್ಕಾಗಿ ಕೆಲಸದ ಕೋಣೆಯ ಗಾಳಿಯ ತೇವವನ್ನು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇಡುತ್ತಾರೆ.

ಕೈಗೆ ತಕ್ಕ ಅಳತೆ

ತಂತಿಯ ಕಂಪಿಸುವ ಉದ್ದ ಸಾಮಾನ್ಯವಾಗಿ 645ರಿಂದ 650 ಮಿ.ಮೀ. ಇರುತ್ತದೆ. ನಮ್ಮ ಹಾಡುಗಾರ್ತಿಯ ಬೆರಳುಗಳಿಗೆ 630 ಮಿ.ಮೀ. ಎಂದು ತೀರ್ಮಾನವಾಯಿತು ಎನ್ನೋಣ. ಈಗ ಕತ್ತಿನ ಮೇಲಿನ ಮೆಟ್ಟಿಲುಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಬೇಕು.

ನಿಯಮ ಸರಳ. ಉದ್ದವನ್ನು 17.817ರಿಂದ ಭಾಗಿಸಿ. 630 ÷ 17.817 = 35.4 ಮಿ.ಮೀ. ಇದು ಮೊದಲ ಮೆಟ್ಟಿಲಿನ ದೂರ. ಉಳಿದ 594.6ನ್ನು ಮತ್ತೆ ಭಾಗಿಸಿದರೆ 33.4. ಹೀಗೆ ಮೆಟ್ಟಿಲುಗಳ ನಡುವಿನ ಅಂತರ ಕಡಿಮೆಯಾಗುತ್ತ ಹೋಗುತ್ತದೆ. ಹನ್ನೆರಡನೆಯ ಮೆಟ್ಟಿಲಿಗೆ ಬಂದಾಗ ಉಳಿಯುವ ಉದ್ದ 315 ಮಿ.ಮೀ., ಅಂದರೆ ಸರಿಯಾಗಿ ಅರ್ಧ! ತಂತಿಯ ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟಾಗುತ್ತದೆ. ಸೆಕೆಂಡಿಗೆ 330 ಬಾರಿ ಕಂಪಿಸುವ ತಂತಿ ಅಲ್ಲಿ ಒತ್ತಿದರೆ 660 ಬಾರಿ ಕಂಪಿಸುತ್ತದೆ.

ಪರೀಕ್ಷೆಯ ದಿನ

ಕೊನೆಗೆ ಆರು ತಂತಿಗಳನ್ನು ಕುದುರೆಗೆ ಸಿಕ್ಕಿಸಿ ಬಿಗಿಯುತ್ತಾರೆ. ಆರೂ ಸೇರಿ ಸುಮಾರು 70 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತವೆ. ನಿಮ್ಮ ಮೇಷ್ಟರು ಆ 3 ಮಿ.ಮೀ. ಹಲಗೆಗೆ ಜೋತುಬಿದ್ದಂತೆ! ಕುದುರೆಯ ಹಿಂಭಾಗ ಸ್ವಲ್ಪ ಉಬ್ಬಿ, ಮುಂಭಾಗ ಸ್ವಲ್ಪ ತಗ್ಗುತ್ತದೆ. ಹಲಗೆ ತಡೆದುಕೊಂಡು, ಮೀಟಿದಾಗ ಕೋಣೆಯೆಲ್ಲ ತುಂಬುವಂತೆ ಹಾಡಿದರೆ ತಿಂಗಳುಗಳ ದುಡಿಮೆ ಗೆದ್ದಂತೆ.

ಬೀಟೆ ಬೇಕೇ ಬೇಕೇ?

ಸ್ಪೇನ್ ದೇಶದ ಆಂತೋನಿಯೊ ದೆ ತೊರೆಸ್ (1817–1892) ಬಡಗಿ ಕೆಲಸ ಕಲಿತು ಗಿಟಾರ್ ಕಟ್ಟಿದವರು. ಸ್ವರದ ಗುಟ್ಟು ಮುಖದ ಹಲಗೆಯಲ್ಲಿದೆ ಎಂಬುದು ಅವರ ನಂಬಿಕೆ. ಅದನ್ನು ತೋರಿಸಲು 1862ರಲ್ಲಿ ಒಂದು ಗಿಟಾರಿನ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದರು! ಮುಖ ಮಾತ್ರ ಸ್ಪ್ರೂಸ್ ಮರದ್ದು. ಅದು ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಇಂಥದೇ ಪ್ರಶ್ನೆಗೆ ಉತ್ತರ ಪ್ರಕಟಿಸಿದರು. ಒಂದೇ ವಿನ್ಯಾಸದ 6 ಗಿಟಾರುಗಳು. ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಮರ ಯಾವುದೆಂದು ಕಾಣದಂತೆ ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಸಿ 52 ವಾದಕರಿಂದ ನುಡಿಸಿದರು. ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ದುಬಾರಿ ಮರ, ಅಗ್ಗದ ಮರ ಎರಡೂ ಹೆಚ್ಚುಕಡಿಮೆ ಒಂದೇ.

ಈ ಫಲಿತಾಂಶ ನಮಗೂ ಸಂಬಂಧಿಸಿದ್ದು. ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನಿಗೆ ಹೋಗುವುದು ಭಾರತದ ಬೀಟೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳೂ ಅದರ ತವರು. ಬೀಟೆ ನಿಧಾನವಾಗಿ ಬೆಳೆಯುವ ಮರ. ಅತಿಯಾಗಿ ಕಡಿಯುವುದನ್ನು ತಡೆಯಲು ಬೀಟೆ ಜಾತಿಯ ಎಲ್ಲ ಮರಗಳ ವಿದೇಶಿ ವ್ಯಾಪಾರವನ್ನು 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತಂದರು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ಬೀಟೆ ಸುಂದರ, ಬಾಳಿಕೆಯೂ ಹೆಚ್ಚು, ನಿಜ. ಆದರೆ ಗಿಟಾರನ್ನು ಹಾಡಿಸುವುದು ಬೆನ್ನಿನ ಬೆಲೆಯಲ್ಲ, ಮುಖದ ಹಲಗೆಯನ್ನು ಎಲ್ಲಿ ಉಜ್ಜಿ ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಕೈ.

ಮಾಡಿ ನೋಡಿ, ಯೋಚಿಸಿ

1. ಶಾಲೆಯ ಶ್ರುತಿಕವೆಯನ್ನು ರಬ್ಬರ್ ತುಂಡಿಗೆ ತಟ್ಟಿ ಗಾಳಿಯಲ್ಲಿ ಹಿಡಿಯಿರಿ. ಅನಂತರ ಅದರ ಕಾಲನ್ನು ಮೇಜು, ಕಪಾಟಿನ ಬಾಗಿಲು, ಕಲ್ಲುಗೋಡೆಗಳಿಗೆ ಒತ್ತಿ. ಎಲ್ಲಿ ಸದ್ದು ಹೆಚ್ಚು? ಏಕೆ?

2. ಲ್ಯಾಂಕಾಸ್ಟರ್ ಪರೀಕ್ಷೆಯಲ್ಲಿ ವಾದಕರಿಗೆ ಮರ ಕಾಣದಂತೆ ಮಾಡಿದ್ದು ಏಕೆ?

3. 3 ಮಿ.ಮೀ. ಹಲಗೆಯನ್ನು 1.5 ಮಿ.ಮೀ.ಗೆ ಇಳಿಸಿದರೆ ಬಾಗುವುದನ್ನು ತಡೆಯುವ ಶಕ್ತಿ ಎಷ್ಟನೇ ಒಂದು ಪಾಲಾಗುತ್ತದೆ?

4. ‘ಬೆನ್ನು ಬೀಟೆಯದ್ದೇ ಆಗಬೇಕು’ ಎಂದ ಹಾಡುಗಾರ್ತಿಗೆ ನೀವು ಏನು ಹೇಳುವಿರಿ? ಐದು ವಾಕ್ಯಗಳಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.